ಶನಿವಾರದ ಟೇಪು

ಚೀಲ ಕೈಯಿಂದ ಹಾರಿದ ಮೇಲೆಯೇ ರಾಜೇಶ್ವರಿಗೆ ಹೊಳೆದದ್ದು, ಒಗೆಯಬೇಕಾದದ್ದು ಅದಲ್ಲ ಎಂದು. ಸಿಂದಗಿ ಬಸ್ಸು ಆಲಮೇಲದ ನಿಲ್ದಾಣದೊಳಗೆ ತಿರುಗಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಬಾಗಿಲಿಗೆ ಜನ ಮುತ್ತಿದ್ದರು. ಬಾಗಿಲು ಸಿಗದವರು ಕಿಟಕಿಗಳ ಕೆಳಗೆ ಓಡುತ್ತ ಟವೆಲ್ಲು, ಕರವಸ್ತ್ರ, ಕೊಡೆ, ಕೈಗೆ ಸಿಕ್ಕಿದ್ದನ್ನು ಒಳಗೆ ಒಗೆದು ಸೀಟು ಹಿಡಿಯುತ್ತಿದ್ದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅದೇ ಕಾನೂನು, ಕಂಡಕ್ಟರನೂ ಅದನ್ನು ಒಪ್ಪುತ್ತಿದ್ದ. ರಾಜೇಶ್ವರಿ ಎಷ್ಟೋ ವರ್ಷಗಳಿಂದ ಬಲಗೈಯಲ್ಲಿ ಬುತ್ತಿಯ ಚೀಲ, ಎಡಗೈಯಲ್ಲಿ ಟೇಪಿನ ಚೀಲ ಹಿಡಿದು ಈ ಬಸ್ಸಿಗೆ ಬಂದವಳು. ಬಲಗೈಯದು ಕಿಟಕಿಯೊಳಗೆ ಹೋಗುತ್ತಿತ್ತು, ಎಡಗೈಯದು ಎದೆಗೆ ಅವಚಿಕೊಂಡಿರುತ್ತಿತ್ತು. ಇವತ್ತು ನಿಲ್ದಾಣದ ಹೊರಗೆ ಮೆಂತ್ಯ ಪಲ್ಲೆ ಕೊಳ್ಳುವಾಗ ಚಿಲ್ಲರೆ ತೆಗೆಯಲು ಎರಡನ್ನೂ ಕೆಳಗಿಟ್ಟು ಮತ್ತೆ ಎತ್ತಿಕೊಂಡಿದ್ದಳು. ಕೈ ಬದಲಾದದ್ದು ಅಲ್ಲಿ. ಚೀಲ ಕಿಟಕಿಯ ಅಂಚಿಗೆ ತಗುಲಿ, ಸೀಟನ್ನು ದಾಟಿ, ಒಳಗೆ ಕಬ್ಬಿಣದ ನೆಲದ ಮೇಲೆ ಬಿದ್ದ ಸದ್ದು ಅಷ್ಟು ಗದ್ದಲದಲ್ಲೂ ಅವಳಿಗೆ ಕೇಳಿಸಿತು. ರೊಟ್ಟಿ ಡಬ್ಬಿ ಬಿದ್ದರೆ ಬರುವ ಸದ್ದು ಬೇರೆ. ಆ ಡಬ್ಬಿ ಅವಳ ಎಡಗೈಯಲ್ಲಿ ಬೆಚ್ಚಗೆ ಕೂತಿತ್ತು.

ಅವಳು ಹತ್ತುವ ಹೊತ್ತಿಗೆ ಚೀಲ ಸೀಟಿನ ಮೇಲಿತ್ತು. ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸು ಅದರ ಮೇಲೆ ಒಂದು ಕೈ ಇಟ್ಟು ಕಾಯುತ್ತಿದ್ದಳು.

“ನಿಂದೇನ ಯವ್ವಾ ಇದು? ನನ್ನ ಕಾಲಾಗ ಬಂದ ಬಿತ್ತು. ಎತ್ತಿ ಇಟ್ಟೇನಿ.”

“ನಂದ ಐತ್ರಿ. ಪೆಟ್ಟ ಹತ್ತಿತೇನ್ರಿ?”

“ನನಗೇನಾಗ್ತೈತಿ. ಏನ ಹಾಕೀದಿ ಅದರಾಗ, ಕಲ್ಲೇನು? ಕಲ್ಲ ತರೂದ ಚೊಲೋ ಬಿಡು. ಟಾವೆಲ್ ಹಾಕಿದ್ರ ತಗದ ಒಗೀತಾರ ಸುಳೇಮಕ್ಳು.”

ಆಕೆಯ ಹೆಸರು ಸಿದ್ದಲಿಂಗವ್ವ, ಸಿಂದಗಿಯಲ್ಲಿ ಮಗಳ ಮನೆಗೆ ಹೊರಟವಳು ಎಂಬುದು ಬಸ್ಸು ನಿಲ್ದಾಣ ಬಿಡುವುದರೊಳಗೆ ರಾಜೇಶ್ವರಿಗೆ ತಿಳಿದಿತ್ತು. ಮಗಳ ಅತ್ತೆಯ ಮಂಡಿನೋವಿನ ಸಂಗತಿ ಆಮೇಲೆ ಶುರುವಾಯಿತು. ರಾಜೇಶ್ವರಿ ಹೂಂಗುಡುತ್ತ ಚೀಲದೊಳಗೆ ಕೈ ಹಾಕಿ ಟೇಪಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಸವರಿದಳು. ಒಂದು ಮೂಲೆಯಲ್ಲಿ ಸೀಳು ಬೆರಳಿಗೆ ಸಿಕ್ಕಿತು. ಪೆಟ್ಟಿಗೆ ಸೀಳಿದೆ ಎಂದರೆ ಒಳಗಿನದಕ್ಕೆ ಏನೂ ಆಗಿಲ್ಲ ಎಂದೂ ಹೇಳಬಹುದು, ಏನೋ ಆಗಿದೆ ಎಂದೂ ಹೇಳಬಹುದು. ಕಂಪ್ಯೂಟರಿನ ಮಾಹಿತಿ ಬರೆದಿಡುವ ಈ ಟೇಪನ್ನು ನೋಡಿ ಏನೂ ತಿಳಿಯುವುದಿಲ್ಲ. ಅಂಗೈ ಅಗಲದ ಕಪ್ಪು ಡಬ್ಬಿ, ಒಳಗೆ ಒಂದೇ ಗಾಲಿ, ಗಾಲಿಗೆ ಸುತ್ತಿದ ಅರ್ಧ ಇಂಚು ಅಗಲದ ಪಟ್ಟಿ. ಬಿಚ್ಚಿ ಹಾಸಿದರೆ ಎಂಟುನೂರು ಮೀಟರಿಗೂ ಉದ್ದ. ಪಟ್ಟಿಯ ತುದಿಗೆ ಒಂದು ಸಣ್ಣ ಲೋಹದ ಪಿನ್ನು. ಟೇಪು ಓದುವ ಯಂತ್ರ, ಅಂದರೆ ಡ್ರೈವು, ಆ ಪಿನ್ನನ್ನು ಹಿಡಿದು ಪಟ್ಟಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಪೆಟ್ಟು ಬಿದ್ದು ಪಿನ್ನು ಕದಲಿದ್ದರೆ ಡ್ರೈವು ಹಿಡಿಯಲು ಹೋಗಿ ತಪ್ಪುತ್ತದೆ, ಕೆಲವೊಮ್ಮೆ ಪಟ್ಟಿಯನ್ನೇ ಹರಿಯುತ್ತದೆ. ಪುಣೆಯ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟವನು ಒಂದು ಟೇಪನ್ನು ಮೇಜಿನಿಂದ ಬೇಕೆಂದೇ ಕೆಡವಿ, ಬಿದ್ದ ಟೇಪನ್ನು ಪರೀಕ್ಷಿಸದೆ ಡ್ರೈವಿಗೆ ಹಾಕುವವರು ಈ ಕೆಲಸಕ್ಕೆ ಲಾಯಕ್ಕಲ್ಲ ಎಂದಿದ್ದ. ಆಗ ರಾಜೇಶ್ವರಿ ಕೈ ಎತ್ತಿ, ಬಸ್ಸಿನಲ್ಲಿ ಒಯ್ಯುವಾಗ ಟೇಪನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಳ್ಳಬೇಕೋ ನಿಲ್ಲಿಸಿ ಇಟ್ಟುಕೊಳ್ಳಬೇಕೋ ಎಂದು ಕೇಳಿದ್ದಳು. ಇಡೀ ಕೋಣೆ ನಕ್ಕಿತ್ತು. ಉಳಿದವರ ಟೇಪುಗಳು ಮೆತ್ತನೆಯ ಪೆಟ್ಟಿಗೆಗಳಲ್ಲಿ, ಅದಕ್ಕೆಂದೇ ಇರುವ ಗಾಡಿಗಳಲ್ಲಿ ಓಡಾಡುತ್ತಿದ್ದವು. ನಗು ನಿಂತ ಮೇಲೆ ಅವನು ನಿಲ್ಲಿಸಿ ಇಡಬೇಕು ಎಂದು ಉತ್ತರ ಕೊಟ್ಟ. ಉತ್ತರ ಸಿಕ್ಕಿತಲ್ಲ ಎಂದು ಅವಳು ಬರೆದುಕೊಂಡಳು. ಊಟದ ಹೊತ್ತಿನಲ್ಲಿ ಮಾತ್ರ ಯಾರ ಪಕ್ಕವೂ ಕೂರಲಾಗದೆ ಕಿಟಕಿಯ ಹತ್ತಿರ ನಿಂತು ತಿಂದಿದ್ದಳು.

ತನ್ನ ಬದುಕಿನ ಬಗ್ಗೆ ಅವಳಿಗೆ ದೊಡ್ಡ ತಕರಾರು ಇರಲಿಲ್ಲ. ಗಂಡ ಬಸಂತರಾಯ ಸಿಂದಗಿಯಲ್ಲಿ ಮಾಸ್ತರ, ಶನಿವಾರ ಪಲ್ಲೆ ಸೋಸಿ ಕೊಡುತ್ತಾನೆ. ಕೆಲಸ ಆಲಮೇಲದ ಹತ್ತಿರದ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ. ಇಡೀ ಕಾರ್ಖಾನೆಯಲ್ಲಿ ಕಾಕಂಬಿಯ ವಾಸನೆ ಬರದ ಕೋಣೆ ಅದೊಂದೇ. ಅಲ್ಲಿ ಆಳೆತ್ತರದ ಚೌಕಟ್ಟಿನೊಳಗೆ ಟೇಪ್ ಲೈಬ್ರರಿ ಕೂತಿದೆ. ಲೈಬ್ರರಿ ಎಂದಾಗ ಹೊಸಬರು ಪುಸ್ತಕಗಳನ್ನು ಹುಡುಕುತ್ತಾರೆ. ಎಡಬಲಕ್ಕೆ ಸಾಲು ಖಾನೆಗಳು, ಖಾನೆಗೊಂದು ಟೇಪು, ನಡುವೆ ಮೇಲೆ ಕೆಳಗೆ ಓಡಾಡುವ ಒಂದು ಯಂತ್ರದ ಕೈ. ಬೆಳಿಗ್ಗೆ ಚಾಲೂ ಮಾಡಿದಾಗ ಆ ಕೈ ಪ್ರತಿ ಖಾನೆಯ ಮುಂದೆ ನಿಂತು ಟೇಪಿನ ಬಾರ್‌ಕೋಡು ಓದುತ್ತ ಹೋಗುವುದು, ಯಾರಿದ್ದಾರೆ ಯಾರಿಲ್ಲ ಎಂದು ಹಾಜರಿ ಹಿಡಿದಂತೆ, ಅವಳಿಗೆ ದಿನವೂ ಒಂದು ಬಗೆಯ ಸಮಾಧಾನ. ದಿನದ ಟೇಪುಗಳಲ್ಲಿ ಆಯಾ ದಿನದ ಬದಲಾವಣೆ ಮಾತ್ರ ಇರುತ್ತದೆ. ಶನಿವಾರದ ಟೇಪಿನಲ್ಲಿ ಎಲ್ಲವೂ. ಶನಿವಾರದ್ದು ಬರೆದು ಮುಗಿದ ಮೇಲೆ ದಿನದ ಟೇಪುಗಳನ್ನು ಅಳಿಸಿ ಮುಂದಿನ ವಾರಕ್ಕೆ ಸಿದ್ಧ ಮಾಡುತ್ತಾರೆ, ಶನಿವಾರದ್ದು ಸಿಂದಗಿಯಲ್ಲಿರುವ ಕಾರ್ಖಾನೆಯ ಶಾಖಾ ಕಚೇರಿಯ ಕಪಾಟಿಗೆ ಹೋಗುತ್ತದೆ. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆ ಇರಲಿ ಎಂದು. ಕಾರ್ಖಾನೆಯ ಜೀಪು ಶನಿವಾರ ಯಾವತ್ತೂ ಖಾಲಿ ಇರುವುದಿಲ್ಲ, ರಾಜೇಶ್ವರಿಯ ಮನೆ ಹೇಗೂ ಸಿಂದಗಿಯಲ್ಲಿದೆ.

“ಆಕೀನ ಮಂಡಿಗೆ ಎಣ್ಣಿ ಹಚ್ಚಿ ಹಚ್ಚಿ ನನ್ನ ಮಗಳ ಕೈ ಸವದು ಹೋದ್ವು,” ಎಂದಳು ಸಿದ್ದಲಿಂಗವ್ವ. ರಾಜೇಶ್ವರಿ ಹೌದ್ರಿ ಎಂದಳು. ಸೋಮವಾರ ಬಂದು ಮತ್ತೊಂದು ಪ್ರತಿ ಬರೆದರಾಯಿತು. ಕಾರ್ಖಾನೆಯ ಸರ್ವರಿನಲ್ಲಿ ಎಲ್ಲ ಇದ್ದೇ ಇದೆ. ಈ ಟೇಪನ್ನು ಸುಮ್ಮನೆ ತೆಗೆದಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹೀಗೆ ಲೆಕ್ಕ ಹಾಕಿ ಅವಳು ಕಿಟಕಿಗೆ ಒರಗಿದಳು. ಕಿಟಕಿಯ ಹೊರಗೆ ಕಬ್ಬು ಆಳೆತ್ತರ ದಾಟಿ ನಿಂತಿತ್ತು, ಗಾಳಿಗೆ ಒಂದು ಬದಿಗೆ ವಾಲುತ್ತಿತ್ತು. ಕಿಟಕಿಯ ಸೀಟಂತೂ ಸಿಕ್ಕಿತ್ತು.

ಆಗ ಫೋನು ಬಂತು. ಅವಳ ಕೈಕೆಳಗೆ ಕೆಲಸ ಮಾಡುವ ಸುಭಾಸ.

“ಅಕ್ಕಾರ, ಎಲ್ಲಿದ್ದೀರಿ? ಸರ್ವರಿನ ಎರಡನೇ ಡಿಸ್ಕೂ ಹೋತ್ರಿ.”

ಮೊದಲನೆಯದು ಕೆಟ್ಟು ವಾರವಾಗಿತ್ತು, ಹೊಸದು ಇನ್ನೂ ಕೊರಿಯರಿನಲ್ಲೇ ಇತ್ತು. ಒಂದು ಹೋದರೆ ಉಳಿದ ಡಿಸ್ಕುಗಳು ತಾಳಿಕೊಳ್ಳುತ್ತವೆ. ಎರಡು ಹೋದರೆ ಸರ್ವರಿನಲ್ಲಿ ಏನೂ ಇಲ್ಲ.

“ದಿನದ ಟೇಪು?”

“ಮುಂಜಾನಿ ನೀವ ಅಳಸು ಅಂದ್ರಿ, ಅಳಸೇನ್ರಿ.” ಅವನ ದನಿ ಸಣ್ಣದಾಯಿತು. “ಸಿಂದಗಿ ಕಪಾಟನ್ಯಾಗ ಹ್ವಾದ ವಾರದ್ದೈತಿ. ಆದ್ರ ಪಾಳಿ ಪಟ್ಟಿ ಈ ವಾರ ಮಾಡಿದ್ದು. ಅದು ನಿಮ್ಮ ಚೀಲದಾಗಿನ ಟೇಪಿನ್ಯಾಗ ಅಷ್ಟ ಐತ್ರಿ. ಅಲ್ಲೇ ಇಳೀರಿ, ಗಾಡಿ ತೊಗೊಂಡ ಬರಾಕತ್ತೇನಿ.”

ಕಟಾವಿನ ಪಾಳಿ. ಯಾವ ಹೊಲದ ಕಬ್ಬು ಯಾವ ದಿನ ಕಡಿಯಬೇಕು ಎಂಬುದು. ಈ ವಾರವಿಡೀ ಊರೂರಿನ ರೈತರನ್ನು ಕಚೇರಿಗೆ ಕರೆಸಿ, ನೆಟ್ಟ ದಿನ, ತಳಿ, ನೀರು ಎಲ್ಲ ನೋಡಿ, ಕೂಗಾಡಿ, ಚಹಾ ಕುಡಿದು, ಮತ್ತೆ ಕೂಗಾಡಿ, ಕೊನೆಗೆ ಎಲ್ಲರೂ ಒಪ್ಪಿದ ಪಟ್ಟಿ. ಸೋಮವಾರದಿಂದ ಕಟಾವು. ಆ ಕೂಗಾಟವನ್ನು ಮೊದಲಿನಿಂದ ಮತ್ತೆ ಮಾಡುವುದೆಂದರೆ, ಒಮ್ಮೆ ಒಪ್ಪಿದವರು ಎರಡನೇ ಸಲ ಒಪ್ಪುತ್ತಾರೆ ಎಂದು ಯಾರು ಹೇಳಬೇಕು? ರಾಜೇಶ್ವರಿ ಎದ್ದು ನಿಂತಳು. “ಇಲ್ಲೇ ಇಳೀತೀ? ಸೀಟ ಹಿಡದಾಕಿ ಇಷ್ಟಕ್ಕ ಹಿಡದಿದ್ದೇನು?” ಎಂದು ಸಿದ್ದಲಿಂಗವ್ವ ಕಿಟಕಿಯ ಕಡೆಗೆ ಸರಿದು ಕುಳಿತಳು.

ಸುಭಾಸ ಬಂದಾಗ ಅವಳು ರಸ್ತೆಯ ಬದಿಯ ಬೇವಿನ ಗಿಡದ ಕೆಳಗೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮೋಟರ್ ಸೈಕಲ್ಲಿನ ಹಿಂದೆ ಕುಳಿತು, ತಗ್ಗು ಬಂದಲ್ಲೆಲ್ಲ ಚೀಲವನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತ, ಸಾವಕಾಶ ಹೋಗು ಎಂದಳು.

“ಇದಕ್ಕಿಂತ ಸಾವಕಾಶ ಹೋದ್ರ ಸೋಮವಾರದ ಕಬ್ಬಿನ ಗಾಡಿ ನಮ್ಮನ್ನ ದಾಟಿ ಹೋಗ್ತಾವ್ರಿ ಅಕ್ಕಾರ.”

ಅವನ ಬೆನ್ನು ನೋಡುತ್ತ ಅವಳಿಗೆ ಶ್ರಾವಣದ ಒಂದು ದಿನ ಕಣ್ಣಿಗೆ ಕಟ್ಟಿತು. ಸುಭಾಸ ಊಟಕ್ಕೆ ಹೋಗುವ ಅವಸರದಲ್ಲಿ ಒಂದು ಟೇಪನ್ನು ಯುಪಿಎಸ್ಸಿನ ಮೇಲೆ ಇಟ್ಟು ಮರೆತಿದ್ದ. ಅದು ಬಿಸಿಯಾಗಿತ್ತು. ಅವಳು ಅದನ್ನು ಎತ್ತಿಕೊಂಡು ಬಾಯ್ಲರ್ ಮನೆಯವರೂ ತೂಕದ ಕಟ್ಟೆಯವರೂ ಕುಳಿತು ಉಣ್ಣುವ ಜಾಗಕ್ಕೇ ಹೋಗಿ, ಎಲ್ಲರ ಮುಂದೆ ಕೇಳಿದ್ದಳು: ನಿಮ್ಮ ಮನಿಯಾಗ ಹಾಲಿನ ಪಾತೇಲಿ ಆದ್ರೂ ನೋಡಿ ಇಡ್ತೀರೋ ಇಲ್ಲೋ. ಅವನು ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೆ ಇಟ್ಟಿದ್ದ. ತಾನು ಹೇಳಿದ್ದು ಖರೆ, ಆದರೆ ಹೇಳಿದ ಜಾಗ? ಅವತ್ತು ಆ ಜಾಗ ಸರಿಯಾಗಿಯೇ ಕಂಡಿತ್ತು. ಪುಣೆಯಲ್ಲಿ ನಕ್ಕವರಿಗೂ ಬಹುಶಃ ಹಾಗೇ ಕಂಡಿರಬೇಕು. ಮೋಟರ್ ಸೈಕಲ್ಲು ಒಂದು ತಗ್ಗಿಗೆ ಬಿತ್ತು. ಅವಳ ಕೈ ತಾನಾಗಿ ಮೇಲೆ ಹೋಯಿತು.

ಕಾರ್ಖಾನೆಯ ಅಂಗಳದಲ್ಲಿ ಸುದ್ದಿ ಆಗಲೇ ಹರಡಿತ್ತು. ಅಲ್ಲಿನ ಕಬ್ಬಿನ ಕಚೇರಿಯ ಕಟ್ಟೆಯ ಮೇಲೆ ಏಳೆಂಟು ರೈತರು ಕುಳಿತು ತಮ್ಮ ತಮ್ಮ ಪಾಳಿ ನೆನಪಿಸಿಕೊಳ್ಳುತ್ತಿದ್ದರು. ಕೇಳುತ್ತ ಹೋದರೆ ಎಲ್ಲರದೂ ಮೊದಲನೆಯ ವಾರವೇ. ವ್ಯವಸ್ಥಾಪಕ ಸಂಜೀವಕುಮಾರ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಸಿಟ್ಟು ಬಂದಷ್ಟೂ ಮೆಲ್ಲಗೆ ಮಾತಾಡುವ ಮನುಷ್ಯ.

“ಬಂದ್ರ್ಯಾ. ಹಾಕ್ರಿ.”

“ಒಂದ ತಾಸ ತಡೀಬೇಕಾಗ್ತೈತ್ರಿ ಸಾಹೇಬ್ರ. ಬಿಸಲಾಗಿಂದ ಬಂದೈತಿ. ಕ್ವಾಣಿ ತಂಪಿಗೆ ಹೊಂದಬೇಕು.”

ಅದು ಸುಳ್ಳಾಗಿರಲಿಲ್ಲ. ತರಬೇತಿಯ ಪುಸ್ತಕದಲ್ಲಿ ಇನ್ನೂ ಹೆಚ್ಚೇ ಹೊತ್ತು ಬರೆದಿದೆ. ಆದರೆ ಹೇಳುವಾಗ ಅವಳಿಗೆ ತಾನು ಆ ನಿಯಮದ ಹಿಂದೆ ಅಡಗಿದ್ದೇನೆ ಅನಿಸಿತು. ಸಂಜೀವಕುಮಾರ ಗಡಿಯಾರ ನೋಡಿ, ರೈತರಿಗೆ ಚಹಾ ಹೇಳಲು ಹೋದರು. ಸುಭಾಸ ಟೇಪಿನಲ್ಲಿದ್ದದ್ದನ್ನು ಇಳಿಸಿಕೊಳ್ಳಲೆಂದು ಮೂಲೆಯಲ್ಲಿದ್ದ ಹಳೆಯ ಸರ್ವರನ್ನು ಒರೆಸಿ ಜೋಡಿಸಲು ಕುಳಿತ. ರಾಜೇಶ್ವರಿ ಟೇಪನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ನಿಲ್ಲಿಸಿ, ಅದರೆದುರು ಕುಳಿತಳು.

ಕೋಣೆಯ ತಂಪು ಬೆವರಿದ ಕತ್ತಿಗೆ ಮೆಲ್ಲಗೆ ಹತ್ತಿತು. ಇದೇ ಕುರ್ಚಿಯಲ್ಲಿ ಕುಳಿತು ಎಷ್ಟು ಬೇಸಿಗೆ ಕಳೆದಿದ್ದಾಳೆ. ಹೊರಗೆ ಊರೆಲ್ಲ ಕಾದ ಹಂಚಾಗಿರುವಾಗ ಟೇಪುಗಳ ದೆಸೆಯಿಂದ ಅವಳಿಗೂ ತಂಪು. ತವರಿಗೆ ಹೋದಾಗ ತಾಯಿ ಹನಮವ್ವ ನೆರೆಯವರಿಗೆ ಹೇಳುತ್ತಿದ್ದಳು, ನಮ್ಮ ರಾಜಿ ಎಸಿಯಾಗ ಕೆಲಸ ಮಾಡ್ತಾಳ ಎಂದು. ಏನು ಕೆಲಸ ಎಂಬುದು ಆಕೆಗೆ ಮುಖ್ಯವಾಗಿರಲಿಲ್ಲ. ಸುಭಾಸ ಬೆನ್ನು ತಿರುಗಿಸಿ ವೈರು ಜೋಡಿಸುತ್ತಿದ್ದ. ರಾಜೇಶ್ವರಿ ಟೇಪನ್ನು ಎತ್ತಿಕೊಂಡು ಅದರ ಮೂಲೆಯ ಸಣ್ಣ ಜಾರು ಬಾಗಿಲನ್ನು ಉಗುರಿನಿಂದ ಸರಿಸಿದಳು. ಪಿನ್ನು ಕಂಡಿತು. ನೆಟ್ಟಗಿದೆ ಅನಿಸಿತು. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಾಗ ಕೆಳತುದಿ ತನ್ನ ಕಚ್ಚಿನಿಂದ ಕೂದಲೆಳೆಯಷ್ಟು ಹೊರಗಿದೆ ಅನಿಸಿತು. ಯಾವಾಗಲೂ ಹೀಗೇ ಇರುತ್ತದೆಯೋ? ಯಾವಾಗಲೂ ನೋಡುವವರು ಯಾರು. ಹಗುರಾಗಿ ಒತ್ತಿದರೆ ಕೂತುಬಿಡಬಹುದು. ಒತ್ತುವಾಗ ಸಾಕ್ಷಿ ಬೇಕಿಲ್ಲ. ಕೂತರೆ ಕೂತಿತು, ಕೂರದೆ ಡ್ರೈವಿನೊಳಗೆ ಹರಿದರೆ, ಟೇಪು ಹಳೆಯದಿತ್ತು, ಎಷ್ಟು ಸಲ ಬರೆದದ್ದು, ಅನ್ನಬಹುದು. ಟೇಪುಗಳು ಹಳತಾಗುತ್ತವೆ, ಇದು ಯಾರೂ ಅಲ್ಲಗಳೆಯದ ಮಾತು. ಅವಳ ಹೆಬ್ಬೆರಳು ಪಿನ್ನಿನ ಹತ್ತಿರ ಹೋಗಿ ನಿಂತಿತು.

“ಅಕ್ಕಾರ,” ಎಂದ ಸುಭಾಸ, ತಿರುಗದೆಯೇ. “ಒಂದ ಕೇಳ್ತೇನಿ, ಬೈಬ್ಯಾಡ್ರಿ.”

“ಕೇಳು.”

“ನಾ ಅವತ್ತ ಯುಪಿಎಸ್ ಮ್ಯಾಲ ಇಟ್ಟಿದ್ದು ಇದ ಟೇಪ ಏನ್ರಿ?”

ಅವಳು ಬಾರ್‌ಕೋಡಿನ ಕೆಳಗಿನ ಅಂಕಿ ನೋಡಿದಳು. ನೋಡುವ ಅಗತ್ಯ ಇರಲಿಲ್ಲ. ಆ ದಿನ ಊಟದ ಜಾಗದಲ್ಲಿ ಎಲ್ಲರೆದುರು ಎತ್ತಿ ತೋರಿಸಿದ ಟೇಪಿನ ಅಂಕಿ ಅವಳಿಗೆ ಬಾಯಿಪಾಠವಾಗಿತ್ತು. ಆಮೇಲೆ ಅದನ್ನು ಪರೀಕ್ಷಿಸಿ, ಏನೂ ಆಗಿಲ್ಲವೆಂದು ಕಂಡು, ಸಾಲಿಗೆ ಮರಳಿಸಿದ್ದಳು. ಏನೂ ಆಗಿಲ್ಲವೆಂಬುದನ್ನು ಊಟದ ಜಾಗಕ್ಕೆ ಹೋಗಿ ಹೇಳಿರಲಿಲ್ಲ.

“ಇದ,” ಎಂದಳು.

ಸುಭಾಸ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟ. “ಹಂಗಾರ ಇದು ಓದಲಿಲ್ಲಂದ್ರ ನನ್ನಿಂದನ ಆದಂಗಾತು ಬಿಡ್ರಿ. ಸಾಹೇಬ್ರಿಗೆ ನಾನ ಮೊದಲ ಹೇಳಿಬಿಡ್ತೇನಿ. ಆಮ್ಯಾಲ ಗೊತ್ತಾದ್ರ ಇನ್ನೂ ಬ್ಯಾಸರ.” ಅವನು ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡ. ಹೇಳಲು ಹೋಗುವವನು ಕೊಡವಿಕೊಳ್ಳುವ ಹಾಗೆಯೇ.

“ಸುಭಾಸ, ಕುಂದ್ರು.” ಅವಳು ಟೇಪನ್ನು ಮತ್ತೆ ಮೇಜಿನ ಮೇಲೆ ನಿಲ್ಲಿಸಿದಳು. “ನಿನ್ನಿಂದ ಏನೂ ಆಗಿಲ್ಲ. ಅವತ್ತ ನಾ ನೋಡೇನಿ, ಚೊಲೋ ಇತ್ತು. ಇವತ್ತ ಇದನ್ನ ನಾ ಒಗದೇನಿ.”

“ಒಗದೇನಿ ಅಂದ್ರ?”

“ಬಸ್ಸಿನ ಕಿಡಕ್ಯಾಗಿಂದ. ಸೀಟ ಹಿಡಿಯಾಕ. ಬುತ್ತಿ ಚೀಲ ಅಂತ ತಿಳಕೊಂಡು.”

ಸುಭಾಸ ಅವಳ ಮುಖ ನೋಡಿದ. ಟೇಪು ನೋಡಿದ. ಅವನ ಮುಖದ ಮೇಲೆ ಏನೇನೋ ಹಾದುಹೋದವು. ಅವುಗಳಲ್ಲಿ ಹಾಲಿನ ಪಾತೇಲಿಯೂ ಇದ್ದಿರಬೇಕು. ಅವಳು ಅದಕ್ಕೆ ಸಿದ್ಧಳಾಗಿ ಕುಳಿತಳು.

“ಸೀಟ ಸಿಕ್ತೇನ್ರಿ?” ಎಂದ.

“ಸಿಕ್ತು. ಕಿಡಕಿ ಕಡೀದು.”

ಅವನು ನಗಲು ಶುರು ಮಾಡಿದ. ತಡೆಯಲು ನೋಡಿದಷ್ಟೂ ಹೆಚ್ಚಾಗಿ, ಕೊನೆಗೆ ಹಳೆಯ ಸರ್ವರಿನ ಮೇಲೆ ಕೈಯಿಟ್ಟು ಬಗ್ಗಿದ. ಅವಳಿಗೆ ಮೊದಲು ಸಿಟ್ಟು ಬಂತು, ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ, ಆಮೇಲೆ ಅವಳೂ ನಕ್ಕಳು. ಪುಣೆಯ ನಗುವಿನಲ್ಲಿ ಅವಳು ಹೊರಗಿದ್ದಳು. ಇದರಲ್ಲಿ ಜಾಗ ಇತ್ತು. ತಲೆಯೆತ್ತಿದಾಗ ಬಾಗಿಲಲ್ಲಿ ಸಂಜೀವಕುಮಾರ ನಿಂತಿದ್ದರು, ಕೈಯಲ್ಲಿ ಎರಡು ಕಪ್ ಚಹಾ ಹಿಡಿದು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಬೆನ್ನ ಹಿಂದೆ, ಅಂಗಳದ ಕಡೆಯಿಂದ ಇಣುಕುತ್ತಿದ್ದ ಒಂದು ರುಮಾಲಿನ ತಲೆಯೂ ಕಂಡಿತು.

“ಈ ಕ್ವಾಣ್ಯಾಗ ಚಾ ತರಬಾರ್ದು ಅಂತ ನೀವ ಬೋರ್ಡ್ ಬರದೀರಿ,” ಎಂದರು ಮೆಲ್ಲಗೆ. “ಅದಕ್ಕ ಇಲ್ಲೇ ನಿಂತೇನಿ. ಮೊದಲ ಟೇಪ್ ಹಾಕ್ರಿ. ಬೈಯೂದು ಆಮ್ಯಾಲ ಬೈತೇನಿ. ಅದು ಓದಿದ್ರೂ ಓದದಿದ್ರೂ ಬೈಯೂದೈತಿ.”

ಸುಭಾಸ ಮೊಬೈಲಿನ ದೀಪ ಹಿಡಿದ. ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿ ನೋಡಿದರು. ಪಿನ್ನು ಖರೆಯೇ ಓರೆಯಾಗಿತ್ತು, ಕೆಳಗಿನ ತುದಿ ಕಚ್ಚಿನಿಂದ ಹೊರಗೆ. ಅವಳು ಒಬ್ಬಳೇ ಒತ್ತಿದ್ದರೆ ಮೇಲಿನ ತುದಿಯೂ ಹೊರಗೆ ಬರುತ್ತಿತ್ತೇನೋ. ಅವನು ಡಬ್ಬಿಯನ್ನು ಅಲುಗದಂತೆ ಹಿಡಿದ. ಅವಳು ಚಿಮುಟಿಗೆಯ ತುದಿಯಿಂದ ಪಿನ್ನಿನ ಮೇಲ್ಭಾಗವನ್ನು ತಡೆದು, ಕೆಳಭಾಗವನ್ನು ಒಳಗೆ ತಳ್ಳಿದಳು. ಕಿವಿಗೆ ಕೇಳಿಸದ, ಬೆರಳಿಗೆ ಮಾತ್ರ ತಿಳಿಯುವ ಒಂದು ಚಿಟಿಕೆ. ಬಾಗಿಲು ತಾನಾಗಿ ಜಾರಿ ಮುಚ್ಚಿಕೊಂಡಿತು. ತಾಸು ತುಂಬುವವರೆಗೆ ಇಬ್ಬರೂ ಹೊರಗೆ ಹೋಗಿ ಚಹಾ ಕುಡಿದರು. ಅದು ಆರಿತ್ತು. ಆದರೂ ಅವಳಿಗೆ ರುಚಿಸಿತು.

ಟೇಪನ್ನು ಲೈಬ್ರರಿಯ ಒಂದು ಖಾನೆಗೆ ಹಾಕಿ ಅವಳು ಹಿಂದೆ ಸರಿದಳು. ಯಂತ್ರದ ಕೈ ಬಂದು ಬಾರ್‌ಕೋಡಿನ ಮುಂದೆ ಒಂದು ಕ್ಷಣ ನಿಂತಿತು, ಟೇಪನ್ನು ಎಳೆದುಕೊಂಡಿತು, ಡ್ರೈವಿನ ಬಾಯಿಗೆ ಕೊಟ್ಟಿತು. ಒಳಗೆ ಏನೋ ಕಚ್ಚಿಕೊಂಡ ಸದ್ದು. ಪಿನ್ನು ಹಿಡಿಯುವ ಸದ್ದು ಅದೇ. ಆಮೇಲೆ ಮೌನ. ಸುಭಾಸ ಡ್ರೈವಿನ ಕಡೆಗೆ ಬಗ್ಗಿ ಕಿವಿಗೊಟ್ಟ. ಇಷ್ಟು ವರ್ಷ ಈ ಕೋಣೆಯಲ್ಲಿ ಟೇಪುಗಳಿಗೆ ಬರೆದದ್ದೇ ಬರೆದದ್ದು, ಪಾಳಿಯ ಪಟ್ಟಿಯಂಥ ಜೀವದ ವಸ್ತುವನ್ನು ಮರಳಿ ಕೇಳಿದ್ದು ಇದೇ ಮೊದಲು ಎಂದು ಅವಳಿಗೆ ಆಗ ಹೊಳೆಯಿತು. ಕೊಟ್ಟದ್ದನ್ನು ಇಟ್ಟುಕೊಂಡಿರುತ್ತದೆ ಎಂದು ನಂಬಿದ್ದಳು, ಅಷ್ಟೇ. ಮೌನದೊಳಗಿಂದ ಟೇಪಿನ ಪಟ್ಟಿ ಸುತ್ತುವ ದನಿ ಎದ್ದಿತು, ಮೊದಲು ತಡವರಿಸುತ್ತ, ಆಮೇಲೆ ಒಂದೇ ಸಮನೆ. ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಬಂದವು: ಆಲಮೇಲ, ಅಗರಖೇಡ, ನದಿಯ ದಂಡೆಯ ಊರುಗಳು, ಅವುಗಳ ಹೊಲಗಳು. ಅವಳು ಕುರ್ಚಿಯ ಮೇಲೆ ಕುಳಿತಳು. ಏನನ್ನೂ ಯೋಚಿಸದೆ ಆ ದನಿಯನ್ನು ಕೇಳುತ್ತ, ಪಟ್ಟಿ ಮುಗಿಯುವವರೆಗೆ ಹಾಗೆಯೇ ಕುಳಿತಿದ್ದಳು.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಕಬ್ಬಿನ ಕಚೇರಿಯ ಕಿಂಡಿಯಲ್ಲಿ ಅವಳೇ ಕುಳಿತು ಒಬ್ಬೊಬ್ಬರಿಗೂ ಪಾಳಿ ಓದಿ ಹೇಳುತ್ತಿದ್ದಳು. ಕೇಳಿದವರು ತಲೆಯಾಡಿಸಿ ಹೋದರು. ಮೊದಲನೆಯ ವಾರದ ನೆನಪುಗಳು ಗದ್ದಲವಿಲ್ಲದೆ ಮಾಯವಾದವು. ಕೊನೆಗೆ ಉಳಿದವರು ಅಗರಖೇಡದ ರಾವಸಾಬ, ಬಾಗಿಲಲ್ಲಿ ಇಣುಕಿದ್ದ ರುಮಾಲಿನವರು.

“ನಿಮ್ದು ಮೂರನೇ ವಾರದಾಗ ಬರ್ತೈತ್ರಿ, ರಾವಸಾಬ್ರ.”

“ಇಲ್ರೀ ಬಾಯಾರ. ನಂದು ಮೊದಲನೇ ವಾರ ಇತ್ತು.”

“ಇದರಾಗ ಮೂರನೇದ ಐತ್ರಿ. ಬುಧವಾರ ನೀವ ಒಪ್ಪಿ ಹೋಗೀರಿ.”

ರಾವಸಾಬ ರುಮಾಲು ತೆಗೆದು ಕಿಂಡಿಯ ಕಟ್ಟೆಯ ಮೇಲೆ ಇಟ್ಟರು. ಇವರು ಬೇಗ ಹೋಗುವವರಲ್ಲ ಎಂಬುದು ಅದರಿಂದಲೇ ತಿಳಿಯುತ್ತಿತ್ತು.

“ನೀವು ಟೇಪ್ ಬಸ್ಸಿನ್ಯಾಗ ಒಗದೀರಂತಲ್ರಿ. ನಾನ ಕಿವೀಲೆ ಕೇಳೇನಿ. ಒಗದಾಗ ನಂದು ಹಿಂದಕ್ಕ ಸರದೈತಿ.”

ಹಿಂದೆ ಚಹಾ ಕಪ್ಪುಗಳನ್ನು ಒಟ್ಟು ಮಾಡುತ್ತಿದ್ದ ಸುಭಾಸ ಕೆಮ್ಮಿದ. ಇಡೀ ಮಧ್ಯಾಹ್ನ ಅವಳು ಅಂಜಿದ್ದು ಇದೇ ಮಾತಿಗೆ. ನಾಳೆ ಇದು ಅಗರಖೇಡದಲ್ಲಿರುತ್ತದೆ, ನಾಡಿದ್ದು ಸಿಂದಗಿಯಲ್ಲಿ. ಬರಲಿ ಅನಿಸಿತು. ಎದುರಿಗೆ ನಿಂತ ಮನುಷ್ಯನ ಹೊಲ, ತಳಿ, ನೆಟ್ಟ ದಿನ, ಬುಧವಾರದ ಒಪ್ಪಿಗೆ ಎಲ್ಲ ಪರದೆಯ ಮೇಲಿತ್ತು, ಅವರ ಜಗಳ ಅವರ ಹತ್ತಿರ ಇತ್ತು, ಏನೂ ಕಳೆದಿರಲಿಲ್ಲ.

“ಒಗದಾಗ ಎಲ್ಲಾರ್ದೂ ಸರೀಬೇಕಿತ್ತಲ್ರಿ,” ಎಂದಳು. “ನಿಮ್ದೊಂದ ಯಾಕ ಸರೀತು?”

ರಾವಸಾಬ ಯೋಚಿಸಿದರು. ಪ್ರಶ್ನೆ ನ್ಯಾಯವಾದದ್ದೆಂದು ಅವರ ಮುಖ ಒಪ್ಪಿತು.

“ನಂದು ಎಲ್ಲಾರಕಿಂತ ಮ್ಯಾಲಿತ್ತಲ್ರೀ,” ಎಂದರು. “ಮ್ಯಾಲಿಂದ ಮೊದಲ ಬೀಳ್ತೈತಿ.”

ರಾಜೇಶ್ವರಿ ಕುರ್ಚಿಯನ್ನು ಕಿಂಡಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.